ಬೂದಿಯ ಕರಟ, ಬಣ್ಣದ ಮನೆಯ ಡಬ್ಬಿ

ಕೊಳ್ಳೇಗಾಲ ಆಗ ಇನ್ನೂ ಮದರಾಸು ಸೀಮೆಯಲ್ಲಿತ್ತು. ಆ ಮಧ್ಯಾಹ್ನ ಆಸ್ಪತ್ರೆಯ ಹಿಂದಿನ ಜಗಲಿಯಲ್ಲಿ ನಾವು ನಾಲ್ಕು ಜನ ಕೂತಿದ್ದೆವು. ಬೆತ್ತದ ಕುರ್ಚಿಯಲ್ಲಿ ದೊಡ್ಡ ಡಾಕ್ಟರು, ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ನಾನು, ಅರ್ಧ ತಮಿಳು ಅರ್ಧ ಕನ್ನಡ ಆಡುವ ಕಾಂಪೌಂಡರು, ಮತ್ತು ಯಾರು ಏನೇ ಹೇಳಲಿ ‘ಮೊದಲು ಕೈ ತೊಳ್ಕೊಳ್ಳಿ’ ಅನ್ನುವ ನರ್ಸಮ್ಮ. ದೊಡ್ಡ ಡಾಕ್ಟರು ಹನೂರಿನ ಕಡೆ ಕಾಲರಾ ಚುಚ್ಚುಮದ್ದು ಹಾಕಿ ಅಂದೇ ಬೆಳಿಗ್ಗೆ ಮರಳಿದ್ದರು. ಊಟ ಮುಗಿದಿತ್ತು, ಎಲೆಅಡಿಕೆಗೆ ಕೈ ಹೋಗಿತ್ತು. ಅಷ್ಟರಲ್ಲಿ ಮುಂಬಾಗಿಲಿಗೆ ಒಂದು ಎತ್ತಿನ ಗಾಡಿ ಬಂತು.

ಗಾಡಿ ಒಳಕ್ಕೆ ಬಂತು, ಗಾಡಿಯ ಹಿಂದೆ ಬಂದ ಜನ ಮಾತ್ರ ಗೇಟಿನ ಆಚೆಯೇ ನಿಂತರು. ಇಳಿದವನು ಒಬ್ಬನೇ, ರೇಷ್ಮೆ ನೇಯುವ ಬೀದಿಯ ಒಬ್ಬ ಯಜಮಾನ. ಗಾಡಿಯೊಳಗೆ ಮುದುಡಿ ಮಲಗಿದ್ದವಳು ಅವನ ಹೆಂಡತಿ.

“ಕಾಲರಾ ಅಂದ್ಬುಟ್ರು ಸಾ ಎಲ್ರೂವೆ. ಒಬ್ಬನೂ ಕೈ ಹಾಕ್ನಿಲ್ಲ. ನಾನೇ ಎತ್ಕಂಡು ಗಾಡಿಗಾಕ್ದಿ” ಅಂದ.

ವಾಂತಿಯಿತ್ತು, ಭೇದಿಯಿತ್ತು. ಹನೂರಿನಿಂದ ಬಂದ ದೊಡ್ಡ ಡಾಕ್ಟರಿಗೂ ಮೊದಲು ಅದೇ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಅವರು ಆಕೆಯ ಬಟ್ಟೆ ನೋಡಿ ಹುಬ್ಬು ಗಂಟಿಕ್ಕಿದರು. ಕಾಲರಾ ಆಗಿದ್ದರೆ ಅಕ್ಕಿ ತೊಳೆದ ನೀರಿನಂತಿರಬೇಕಾದ ಭೇದಿ ಕೆಂಪಗಿತ್ತು. ನಾನು ಆಕೆಯ ಬಾಯಿ ತೆರೆಸಿ ನೋಡಿದೆ. ದಿನವಿಡೀ ಎಲೆಅಡಿಕೆ ಅಗಿಯುವ ಬಾಯಿ ಕೆಂಪಗಿರಬೇಕಿತ್ತು. ಅದರ ಬದಲು ನಾಲಿಗೆ, ಒಸಡು, ಕೆನ್ನೆಯ ಒಳಗೋಡೆ ಎಲ್ಲ ಬೆಂದ ಹಾಗೆ ಬೂದುಬಿಳುಪು. ಕಾಲರಾದಲ್ಲಿ ಬಾಯಿ ಒಣಗುತ್ತದೆ. ಈ ತಾಯಿಗೆ ಜೊಲ್ಲು ನಿಲ್ಲುತ್ತಲೇ ಇರಲಿಲ್ಲ.

“ಬೆಳಿಗ್ಗೆ ಏನು ತಿಂದಿರಿ ಅವ್ವಾ?”

“ಮುದ್ದೆ, ಉಪ್ಸಾರು. ಮನೆಯೋರೆಲ್ಲ ಅದ್ನೇ ತಿಂದದ್ದು. ಅವ್ರು ಗುಂಡ್ಕಲ್ಲಂಗವ್ರೆ.”

“ಆಮೇಲೆ?”

“ಆಮ್ಯಾಕೆ ಕೆಚ್ಚಕ್ಕೆ ಕೂತ್ಕಂಡೆ. ಎಲಡ್ಕೆ ಬಾಯೆಲ್ಲಾ ತಾಮ್ರ ನೆಕ್ದಂಗಾಯ್ತು. ಸುಣ್ಣ ಜಾಸ್ತಿ ಆಯ್ತೇನೋ ಅನ್ಕಂಡು ಕೂತೇ ಇದ್ದಿ. ಅಷ್ಟೇಯ.”

ತಾಮ್ರ ನೆಕ್ಕಿದ ಹಾಗೆ. ಆ ಮಾತು ನನ್ನ ಕಿವಿಯಲ್ಲಿ ನಿಂತಿತು. ನಮ್ಮಜ್ಜಿ ಹೇಳುತ್ತಿದ್ದಳು, ರೋಗಿ ರೋಗದ ಹೆಸರು ಹೇಳಲಾರ, ಅದರ ಮನೆಯ ವಿಳಾಸ ಹೇಳುತ್ತಾನೆ ಎಂದು. ಆಕೆ ವಾಂತಿ ಮಾಡಿದ್ದನ್ನು ಸ್ವಲ್ಪ ಗಾಜಿನ ನಳಿಗೆಯಲ್ಲಿ ಹಿಡಿದು ಪ್ರಯೋಗದ ಕೋಣೆಗೆ ಓಡಿದೆ. ಕೋಣೆ ಅಂದರೆ ಉಗ್ರಾಣದ ಮೂಲೆಯಲ್ಲಿ ಒಂದು ಮೇಜು, ಒಂದು ಸ್ಪಿರಿಟ್ ದೀಪ, ಅಷ್ಟೆ. ಅದಕ್ಕೆ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, ಕಾಂಪೌಂಡರು ಮರಳು ಕಾಗದದಲ್ಲಿ ಉಜ್ಜಿ ಕೊಟ್ಟ ತಾಮ್ರದ ತಂತಿಯನ್ನು ಇಳಿಬಿಟ್ಟು ಕಾಯಿಸಿದೆ. ಪಾಷಾಣವಾದರೆ ತಂತಿ ಕಪ್ಪಾಗಬೇಕು. ಆಹಾರದ ನಂಜಾದರೆ ಏನೂ ಆಗಬಾರದು. ತಂತಿ ಮೊದಲು ಬೂದಿ ಬಣ್ಣಕ್ಕೆ ತಿರುಗಿತು. ತೆಗೆದು ತೊಳೆದು ಬಟ್ಟೆಯಲ್ಲಿ ಉಜ್ಜಿದೆ. ಫಳ್ ಅಂತ ಬೆಳ್ಳಿಯ ಹಾಗೆ ಹೊಳೆಯಿತು.

ಕಾಂಪೌಂಡರು ಬಗ್ಗಿ ನೋಡಿದರು. “ಎನ್ನ ಸಾರ್ ಇದು, ಜರಿ ಮಾಡ್ಬುಟ್ರಲ್ಲ!”

ಜರಿಯಲ್ಲ, ಪಾದರಸ. ಆಕೆಯ ಹೊಟ್ಟೆಯೊಳಗೆ ಪಾದರಸದ ಲವಣ ಸೇರಿತ್ತು.

ಹೊರಗೆ ಬಂದು ಯಜಮಾನನನ್ನು ಕೇಳಿದೆ, ಮನೆಯಲ್ಲಿ ಬಿಳಿಯ ಪುಡಿ ಏನಾದರೂ ಇದೆಯೇ, ಔಷಧಿಯೋ ಹುಳುವಿನ ಮದ್ದೋ ಎಂದು. ಅವನು ಇದ್ದಲ್ಲೇ ಕುಕ್ಕರಿಸಿದ.

“ತಿಗಣೆ ಮದ್ದು ಸಾ. ಮಗ್ಗದ ಕುಣಿ ತುಂಬ ತಿಗಣೆ ಆಗ್ಬುಟ್ಟಿದ್ದೊ. ಗ್ರಂಧಿಗೆ ಅಂಗಡಿಯವ್ನು ಕೊಟ್ಟ. ಮರದ ಸಂದಿಗೆಲ್ಲ ತುಂಬನ ಅಂದ್ಬುಟ್ಟು ಒಲೆ ಬೂದಿಗೆ ಬೆರ್ಸಿ ಕರಟದಲ್ಲಿ ಮಡಗಿದ್ದಿ.”

“ಎಲ್ಲಿ ಇಟ್ಟಿದ್ದೆ?”

“ಮಗ್ಗದ ಬಲಗಡೀಕೆ.”

ನೇಯುವವರ ಮನೆ ಗೊತ್ತಿಲ್ಲದವರಿಗೆ ಇದರ ಅರ್ಥ ಹೇಳಬೇಕು. ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಉದ್ದಕ್ಕೆ ಎಳೆದ ನೂಲು, ಮುಗಿಯುವ ಹೊತ್ತಿಗೆ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಯ ತುದಿಗೆ ಹೊಸೆದು ಸೇರಿಸುತ್ತಾರೆ. ಅದಕ್ಕೆ ಕೆಚ್ಚುವುದು ಅನ್ನುತ್ತಾರೆ. ರೇಷ್ಮೆ ಜಾರುವ ಜಾತಿ, ಬರಿಬೆರಳಿಗೆ ನಿಲ್ಲದು. ಅದಕ್ಕೇ ಬೆರಳಿಗೆ ಬೂದಿ ಬೇಕು. ಬೂದಿ ಬೆರಳಿಗೆ ಹತ್ತಬೇಕಾದರೆ ಬೆರಳು ಒದ್ದೆಯಿರಬೇಕು. ನಾಲಿಗೆ, ಬೂದಿ, ಎಳೆ; ನಾಲಿಗೆ, ಬೂದಿ, ಎಳೆ. ಒಂದು ಹಾಸಿನಲ್ಲಿ ಸಾವಿರಾರು ಎಳೆ. ಬೂದಿಯ ಕರಟ ಪ್ರತಿ ಮನೆಯಲ್ಲೂ ಮಗ್ಗದ ಬಲಗಡೆಯೇ ಇರುತ್ತದೆ. ಕಣ್ಣು ಎಳೆಯ ಮೇಲಿದ್ದರೂ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಆ ಬೀದಿಯಲ್ಲಿ ಕೆಚ್ಚುವುದಕ್ಕೆ ಈಕೆಯನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಅನ್ನುವಂಥ ಕೈ ಈಕೆಯದು. ಬೆಳಗಿನಿಂದ ಅರ್ಧ ಹಾಸು ಕೆಚ್ಚಿದ್ದಳು. ಆ ಒಂದೊಂದು ಎಳೆಗೂ ತಿಗಣೆಯ ಮದ್ದು ನಾಲಿಗೆಗೆ ಹೋಗಿತ್ತು.

ಈ ಲವಣ ಮೊದಲು ಬಾಯಿ ಹೊಟ್ಟೆ ಸುಡುತ್ತದೆ. ಆಮೇಲೆ ಮೂತ್ರಪಿಂಡಕ್ಕೆ ಇಳಿಯುತ್ತದೆ. ಮೂತ್ರ ನಿಂತಿತೋ, ಮನುಷ್ಯ ಒಂದು ವಾರದೊಳಗೆ ಕಣ್ಣು ಮುಚ್ಚಿದ ಹಾಗೆಯೇ. ಆಗಿನ ಕಾಲಕ್ಕೆ ಅದರಾಚೆಗೆ ನಮ್ಮಲ್ಲಿ ದಾರಿಯಿರಲಿಲ್ಲ. ಆದ್ದರಿಂದ ಮಾಡುವುದೆಲ್ಲ ಮೂತ್ರ ನಿಲ್ಲುವ ಮೊದಲೇ ಆಗಬೇಕಿತ್ತು.

ಪುಸ್ತಕದ ಪ್ರಕಾರ ಮೊದಲ ಮದ್ದು ಮೊಟ್ಟೆಯ ಬಿಳಿ. ಪಾದರಸ ಅದನ್ನು ಹಿಡಿದುಕೊಂಡು ಗಟ್ಟಿಯಾಗುತ್ತದೆ, ಕರುಳಿನ ಗೋಡೆಯನ್ನು ಬಿಡುತ್ತದೆ. ನರ್ಸಮ್ಮ ಬಟ್ಟಲಲ್ಲಿ ಕಲಸಿ ತಂದರು. ಆಕೆ ಆ ನೋವಿನಲ್ಲೂ ತುಟಿ ಬಿಗಿದಳು.

“ಲಿಂಗ ಕಟ್ಟಿರೋ ಮೈ ಕಣವ್ವಾ. ಅದೊಂದು ಬ್ಯಾಡ.”

“ಜೀವ ಮುಖ್ಯ ಅಮ್ಮಾ” ಅಂದರು ನರ್ಸಮ್ಮ.

“ಜೀವ ಇರಗಂಟ ತಿನ್ನದೆ ಇದ್ದಿ. ಹೋಗೋ ಹೊತ್ನಲ್ಲಿ ತಿನ್ನನಾ?”

ನನಗೆ ವಾದ ಮಾಡುವ ಮನಸ್ಸಾಗಲಿಲ್ಲ, ಹೊತ್ತೂ ಇರಲಿಲ್ಲ. ಮೊಟ್ಟೆ ಮಾಡುವ ಕೆಲಸವನ್ನು ಹಾಲೂ ಮಾಡುತ್ತದೆ, ಸ್ವಲ್ಪ ಹೆಚ್ಚು ಬೇಕಾಗುತ್ತದೆ ಅಷ್ಟೆ. ಗೇಟಿನ ಹತ್ತಿರ ಹೋಗಿ ನಿಂತೆ. “ಇದು ಕಾಲರಾ ಅಲ್ಲ, ಅಂಟುವ ಕಾಯಿಲೆಯಲ್ಲ. ಬಾಯಿಗೆ ವಿಷ ಹೋಗಿದೆ. ನಿಮ್ಮ ಕೈಯಲ್ಲಿ ಆಗುವುದು ಒಂದೇ, ಹಾಲು ತನ್ನಿ” ಅಂದೆ. ಅಷ್ಟು ಹೊತ್ತು ಸೆರಗು ಮೂಗಿಗೆ ಹಿಡಿದು ನಿಂತಿದ್ದ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಚದುರಿದರು. ಬಿಟ್ಟೇ ಹೋದರೇನೋ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಚೊಂಬು, ತಂಬಿಗೆ, ಗಿಂಡಿ ಸಾಲುಸಾಲಾಗಿ ಬಂದವು. ಒಬ್ಬ ಮುದುಕಿ ಹಸುವನ್ನೇ ಹೊಡೆದುಕೊಂಡು ಬಂದು ಗೇಟಿಗೆ ಕಟ್ಟಿದಳು.

ಹಾಲು ಕುಡಿಸಿ ಹೊಟ್ಟೆ ತೊಳೆದೆವು. ಕೊಳವೆಯನ್ನು ನಾನೇ ಇಳಿಸಿದೆ. ಸುಟ್ಟ ಗಂಟಲಲ್ಲಿ ಒರಟುತನ ಮಾಡಿದರೆ ತೂತಾಗುವ ಭಯ, ಉಸಿರು ಬಿಗಿಹಿಡಿದು ಮಾಡಬೇಕಾದ ಕೆಲಸ. ಹೊರಬಂದ ನೀರಿಗೆ ತಾಮ್ರದ ತಂತಿ ಅದ್ದಿ ಕಾಯಿಸಿದರೆ ಇನ್ನೂ ಬೆಳ್ಳಿ ಆಗುತ್ತಲೇ ಇತ್ತು. ಹಾಲು ಸಾಲದು.

ಆಗ ನನಗೆ ಕಾಲೇಜಿನ ಪಾಠವೊಂದು ನೆನಪಾಯಿತು. ಸೋಡಿಯಂ ಫಾರ್ಮಾಲ್ಡಿಹೈಡ್ ಸಲ್ಫಾಕ್ಸಿಲೇಟು ಅಂತ ಒಂದು ಉಪ್ಪಿದೆ. ಅದು ಕರಗುವ ಪಾದರಸದ ಲವಣವನ್ನು ಕರಗದ ಬರಿಯ ಪಾದರಸಕ್ಕೆ ತಿರುಗಿಸಿಬಿಡುತ್ತದೆ. ಕರಗದಿದ್ದರೆ ರಕ್ತಕ್ಕೆ ಸೇರುವುದು ಕಷ್ಟ. ನಮ್ಮ ಉಗ್ರಾಣದಲ್ಲಿ ಅದರ ಹೆಸರೂ ಇರಲಿಲ್ಲ. ಆದರೆ ನಾನು ಆ ಹೆಸರನ್ನು ಕೊಳ್ಳೇಗಾಲದಲ್ಲೇ ಓದಿದ್ದೆ. ಎಲ್ಲಿ? ಕೊಳವೆಯ ತುದಿ ಕೈಯಲ್ಲಿ ಹಿಡಿದು ಅದನ್ನೇ ಯೋಚಿಸುತ್ತಾ ನಿಂತೆ. ಥಟ್ಟನೆ ಹೊಳೆಯಿತು. ರೇಷ್ಮೆಗೆ ಬಣ್ಣ ಹಾಕುವವರೊಬ್ಬರ ಕೈಗೆ ಹುಣ್ಣಾಗಿತ್ತು, ಪಟ್ಟಿ ಕಟ್ಟಲು ಅವರ ಮನೆಗೆ ಹೋಗಿದ್ದೆ. ಡಬ್ಬಿ ಕಂಡರೆ ಅದರ ಮೇಲಿನ ಅಕ್ಷರ ಓದುವ ಚಟ ನನಗೆ. ತಪ್ಪಿ ಹಾಕಿದ ಬಣ್ಣವನ್ನು ನೂಲಿನಿಂದ ಕಿತ್ತು ತೆಗೆಯಲು ಅವರು ಬಳಸುತ್ತಿದ್ದ ರೊಂಗಲೈಟು ಇದೇ ಉಪ್ಪು.

ದೊಡ್ಡ ಡಾಕ್ಟರಿಗೆ ಹೇಳಿದೆ. ಅವರು ಕನ್ನಡಕ ತೆಗೆದರು.

“ಬಣ್ಣದ ಮನೆ ಮಾಲು. ಹೊಟ್ಟೆಗೆ.”

“ಒಳಗೆ ಬಿಡುವುದಲ್ಲ ಸಾರ್. ತೊಳೆದು ಹೊರಗೆ ತೆಗೆಯುವುದು.”

“ಅದರಲ್ಲಿ ಇನ್ನೇನೇನು ಕಲಬೆರಕೆ ಇದೆಯೋ ನಿಮಗೆ ಗೊತ್ತಾ?”

“ಇಲ್ಲ ಸಾರ್. ಆಕೆಯ ಹೊಟ್ಟೆಯೊಳಗಿರುವುದು ಏನು ಅಂತ ಮಾತ್ರ ಗೊತ್ತು.”

ಅವರು ಕನ್ನಡಕ ಮತ್ತೆ ಹಾಕಿಕೊಂಡರು. “ಮೊದಲು ಗಾಜಿನಲ್ಲಿ ಮಾಡಿ ತೋರಿಸಿ. ಗಾಜು ಒಪ್ಪಿದರೆ ನಾನು ಒಪ್ಪುತ್ತೇನೆ.”

ಹೇಳಿ ಕಳಿಸಿದೆ. ಬಣ್ಣದವರು ಡಬ್ಬಿ ಸಮೇತ ಬಂದರು. ಕ್ರಿಮಿ ಸಾಯಲೆಂದು ಕೈ ತೊಳೆಯುವುದಕ್ಕೆ ಆಸ್ಪತ್ರೆಯಲ್ಲೇ ಇಟ್ಟಿದ್ದ ಪಾದರಸದ ದ್ರಾವಣವನ್ನು ನಳಿಗೆಗೆ ಸುರಿದು, ಅವರ ಉಪ್ಪನ್ನು ಬಿಸಿನೀರಲ್ಲಿ ಕರಗಿಸಿ ಬೆರೆಸಿದೆ. ಎಲ್ಲರೂ ಬಗ್ಗಿ ನೋಡಿದೆವು. ನೀರು ನೀರಾಗಿಯೇ ಇತ್ತು. ಏನೂ ಆಗಲಿಲ್ಲ. ಡಬ್ಬಿಗೆ ಕೈ ಹಾಕಿ ನೋಡಿದರೆ ಉಪ್ಪು ತೇವ ಹಿಡಿದು ಹೆಂಟೆ ಕಟ್ಟಿತ್ತು. ಗಾಳಿಗೂ ತೇವಕ್ಕೂ ಇದರ ಸತ್ವ ಹಾರಿಹೋಗುತ್ತದೆ.

“ಇದು ಸತ್ತಿದೆ” ಅಂದೆ.

ಬಣ್ಣದವರಿಗೆ ರೇಗಿತು. “ನನ್ನ ಮನೆ ಮಾಲು ಸತ್ತದ ಅಂದ್ರೆ ಎಂಗೆ ಸಾ? ಇದು ದಿನಾ ಬಳ್ಸೋ ಡಬ್ಬಿ, ಕೈಗೆ ಸಿಕ್ತು ಅಂತ ತಂದಿ. ಮುಚ್ಚಳ ಕೀಳ್ದೆ ಇರೋದು ಮನೇಲದ. ತಡೀರಿ” ಅಂದವರೇ ಪಂಚೆ ಎತ್ತಿ ಕಟ್ಟಿ ಹೋದರು. ಅರಗು ಹಾಕಿದ ಹೊಸ ಡಬ್ಬಿ ಬಂತು. ನನ್ನ ನಳಿಗೆಗಿಂತ ಮುಂಚೆ ಅವರದೇ ಪರೀಕ್ಷೆ ಆಯಿತು. ಬಣ್ಣದ ನೂಲಿನ ತುಂಡೊಂದನ್ನು ಬಿಸಿನೀರಿಗೆ ಹಾಕಿ ಮೇಲೆ ಒಂದು ಚಿಟಿಕೆ ಉಪ್ಪು ಉದುರಿಸಿದರು. ಕೆಂಪು ನೂಲು ನೋಡನೋಡುತ್ತಲೇ ಬೆಳ್ಳಗಾಯಿತು. “ಸತ್ತದಾ ಈಗ?” ಅಂತ ನನ್ನ ಕಡೆ ನೋಡಿದರು.

ನಳಿಗೆಯಲ್ಲಿ ಬೆರೆಸಿದೆ. ತಿಳಿಯಾಗಿದ್ದದ್ದು ಹಾಲಿನ ಹಾಗೆ ಕದಡಿತು, ಆಮೇಲೆ ಮೋಡದ ಬಣ್ಣಕ್ಕೆ ತಿರುಗಿ, ಬೂದು ಪುಡಿಯಾಗಿ ತಳಕ್ಕೆ ಕೂತಿತು. ಮೇಲಿನ ತಿಳಿಗೆ ತಾಮ್ರ ಅದ್ದಿ ಕಾಯಿಸಿದೆ. ತಂತಿ ಕೆಂಪಗೇ ಉಳಿಯಿತು.

“ಗಾಜು ಒಪ್ಪಿತು” ಅಂದರು ದೊಡ್ಡ ಡಾಕ್ಟರು. “ಕೊಳವೆ ನಾನು ಹಿಡೀತೀನಿ. ನೀವು ಸುರೀರಿ.”

ತಪ್ಪಾದರೆ ಹೊಣೆ ಹಂಚಿಕೊಳ್ಳುವುದಕ್ಕೇ ಅವರು ಕೊಳವೆಗೆ ಕೈ ಹಾಕಿದ್ದು ಅಂತ ನನಗೆ ಗೊತ್ತಿತ್ತು. ಸುರಿದೆವು, ಇಳಿಸಿದೆವು, ಮತ್ತೆ ಸುರಿದೆವು. ಮೊದಮೊದಲು ಬೂದುಬಣ್ಣದ ನೀರು ಬಂತು. ಬರುಬರುತ್ತಾ ತಿಳಿಯಾಯಿತು. ಕೊನೆಯ ನೀರಿನಲ್ಲಿ ತಂತಿ ಬಣ್ಣ ಬದಲಿಸಲಿಲ್ಲ. ಹೊಟ್ಟೆಯ ಮಟ್ಟಿಗೆ ಗೆದ್ದೆವು.

ಆದರೆ ಬೆಳಗಿನಿಂದ ರಕ್ತಕ್ಕೆ ಸೇರಿದ್ದು ಸೇರಿತ್ತು. ಅದನ್ನು ಹಿಡಿಯಲು ಬೇರೆ ಮದ್ದು ಬೇಕು. ಯುದ್ಧಕಾಲದಲ್ಲಿ ವಿಷದ ಅನಿಲಕ್ಕೆ ಪ್ರತಿಯಾಗಿ ಕಂಡುಹಿಡಿದ ಒಂದು ಎಣ್ಣೆ ಪಾದರಸಕ್ಕೂ ಆಗುತ್ತದೆ ಎಂದು ಆಗ ಪತ್ರಿಕೆಗಳಲ್ಲಿ ಬರುತ್ತಿತ್ತು. ಬಾಲ್ ಅಂತ ಅದರ ಹೆಸರು. ನಾವು ಮದರಾಸು ಸೀಮೆಗೆ ಸೇರಿದ್ದರಿಂದ ಔಷಧಿ ಬೇಕಾದರೆ ಕೊಯಮತ್ತೂರಿಗೆ ಬರೆಯಬೇಕು. ಅದು ದಿಂಬದ ಘಟ್ಟ ಹತ್ತಿ ಇಳಿದು ಬರುವಷ್ಟರಲ್ಲಿ ಬೇಕಾದವರೇ ಇರುವುದಿಲ್ಲ. ಮೈಸೂರು ಪಕ್ಕದಲ್ಲೇ ಇತ್ತು, ಆದರೆ ಅದು ಬೇರೆ ರಾಜ್ಯ. ದೊಡ್ಡ ಡಾಕ್ಟರು ಸ್ವಲ್ಪ ಹೊತ್ತು ಜಗಲಿಯಲ್ಲಿ ಅಡ್ಡಾಡಿದರು. ಆಮೇಲೆ, “ರೋಗಕ್ಕೆ ಗಡಿ ಇಲ್ಲ, ಸ್ನೇಹಕ್ಕೂ ಇಲ್ಲ” ಅನ್ನುತ್ತಾ ಮೈಸೂರಿನ ಆಸ್ಪತ್ರೆಯಲ್ಲಿದ್ದ ತಮ್ಮ ಸಹಪಾಠಿಗೆ ಒಂದು ಚೀಟಿ ಗೀಚಿದರು.

ಆ ತಾಯಿಯ ತವರು ಯಳಂದೂರು. ಆಕೆಯ ತಮ್ಮ ಯಳಂದೂರಿನಿಂದ ಮೈಸೂರಿಗೆ ಹೋಗುವ ಬಸ್ಸಿನ ಡ್ರೈವರು. ಸುದ್ದಿ ಮುಟ್ಟಿದ್ದೇ ಓಡಿಬಂದ. ಚೀಟಿ ಇಸಕೊಂಡು ಅಕ್ಕನ ಕಾಲು ಮುಟ್ಟಿ, ಭಾವನ ಕಡೆ ತಿರುಗಿ ಅಂದ, “ಭಾವ, ನಾ ಬರಗಂಟ ನೀ ಯಾವ್ದುನ್ನೂ ಮುಟ್ಬ್ಯಾಡ.” ಯಜಮಾನ ಎರಡು ಕೈಯನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು ಕೂತ. ಮರುದಿನವೂ ಹಾಗೇ ಇದ್ದ.

ಮರುದಿನ ಬೆಳಿಗ್ಗೆ ಆಕೆಗೆ ವಾಂತಿ ನಿಂತಿತ್ತು. ಆದರೆ ಮೂತ್ರ ಬಂದದ್ದು ಉದ್ಧರಣೆಯಷ್ಟು, ಕಾಫಿಯ ಬಣ್ಣ. ಮುಖ ಊದತೊಡಗಿತ್ತು. ಡ್ರೈವರು ಬಂದಾಗ ಹೊತ್ತು ಏರಿತ್ತು. ಔಷಧಿಯ ಸೀಸೆಗಳನ್ನು ಅರಳೆಯಲ್ಲಿ ಸುತ್ತಿ, ದಾರಿಯಲ್ಲಿ ಎಲ್ಲಿಯೂ ಕುಲುಕಬಾರದೆಂದು ಬಸ್ಸನ್ನು ಬೇರೆಯವನಿಗೆ ಓಡಿಸಲು ಬಿಟ್ಟು ತಾನು ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದ.

ಯಜಮಾನ ಕೇಳಿದ, “ಅದೇನ್ ಮಾಡ್ತದ ಸಾ ಒಳಗೋಗಿ?”

“ಪಾದರಸಕ್ಕೆ ಗಂಧಕ ಕಂಡರೆ ಪ್ರಾಣ. ಮೈಯೊಳಗಿನ ಮಾಂಸದಲ್ಲೂ ಗಂಧಕ ಇದೆ. ವಿಷದ ಎಳೆ ಹೋಗಿ ಅದಕ್ಕೆ ಕೆಚ್ಚಿಕೊಂಡಿದೆ. ಈ ಮದ್ದಿನ ಒಂದೊಂದು ಕಣಕ್ಕೂ ಗಂಧಕದ ಎರಡು ಕೈ. ಆ ಗಂಟನ್ನು ಬಿಚ್ಚಿ ವಿಷವನ್ನು ತನಗೇ ಕೆಚ್ಚಿಕೊಂಡು ಮೂತ್ರದಲ್ಲಿ ಹೊರಗೆ ಹೋಗುತ್ತದೆ.”

“ಒಂದು ಕೈ ಸಾಲಲ್ವಾ?”

“ಒಂದು ಕೈಯಾದರೆ ಜಾರುತ್ತದೆ.”

ಅವನು ತಲೆದೂಗಿದ. ಎಳೆ ಜಾರುವುದು ಏನೆಂದು ಅವನಿಗೆ ನಾನು ಹೇಳಬೇಕಾಗಿರಲಿಲ್ಲ.

ಮದ್ದು ಕಡಲೆಕಾಯಿ ಎಣ್ಣೆಯಲ್ಲಿ ಕರಗಿಸಿದ್ದು. ದಪ್ಪ ಸೂಜಿಯಲ್ಲಿ ಸೊಂಟದ ಮಾಂಸಕ್ಕೆ ಆಳವಾಗಿ ಕೊಡಬೇಕು. ಸೀಸೆಯ ಕತ್ತು ಮುರಿದದ್ದೇ ಕೋಣೆಯೆಲ್ಲ ಕೊಳೆತ ನಾತ. ಆಕೆ ಮೂಗು ಮುರಿದಳು.

“ಮೊಟ್ಟೆ ವಾಸ್ನೆ ಬತ್ತದಲ್ಲ ಸಾ. ಬಾಯ್ಗೆ ಬ್ಯಾಡ ಅಂದುದ್ಕೆ ಸೊಂಟಕ್ಕೆ ಹಾಕ್ತೀರಾ?”

“ಮೊಟ್ಟೆಯಲ್ಲ ಅವ್ವಾ, ಗಂಧಕ. ಲಿಂಗದಾಣೆ.”

“ನಿಮ್ಗೆಲ್ಲದ ಲಿಂಗ?” ಅಂದಳು. ಊದಿದ ಮುಖದಲ್ಲೂ ನಗು ಕಾಣಿಸಿತು.

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಚುಚ್ಚಿದ ಸ್ವಲ್ಪ ಹೊತ್ತಿಗೆ ಕಣ್ಣಲ್ಲಿ ಧಾರಾಕಾರ ನೀರು, ಗಂಟಲು ಉರಿ, ಎದೆ ಹಿಡಿದ ಹಾಗೆ, ಕೈಕಾಲು ನಡುಕ. ರಕ್ತದ ಒತ್ತಡ ಏರಿತು. ಯಜಮಾನ ಗೋಡೆಗೆ ತಲೆ ಆನಿಸಿ ನಿಂತ. “ನಾ ಅರ್ಧ ಕೊಂದಿದ್ದಿ, ಮಿಕ್ಕದ್ದ ನೀವು ಮಾಡ್ತಿದ್ದೀರಿ” ಅಂದ. ದೊಡ್ಡ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ನಿಲ್ಲಿಸೋಣವೇ ಎಂದರು. ಈ ಮದ್ದನ್ನು ನಾವಿಬ್ಬರೂ ಅದಕ್ಕೆ ಮೊದಲು ಕಣ್ಣಿಂದ ಕಂಡವರೇ ಅಲ್ಲ. ಆದರೆ ಓದಿದ್ದು ನೆನಪಿತ್ತು, ಈ ಉಪದ್ರವ ಏರಿದ ಹಾಗೆಯೇ ಇಳಿಯುತ್ತದೆ ಎಂದು. ಅರ್ಧಕ್ಕೆ ಬಿಟ್ಟರೆ ಹಿಡಿದ ವಿಷ ಮತ್ತೆ ಕೈಬಿಡಿಸಿಕೊಂಡು ಮೂತ್ರಪಿಂಡಕ್ಕೇ ಬೀಳುತ್ತದೆ. “ಮುಂದಿನ ಚುಚ್ಚುಮದ್ದಿನ ಹೊತ್ತಿಗೆ ಒತ್ತಡ ಇಳಿದಿದ್ದರೆ ಕೊಡೋಣ, ಇಳಿಯದಿದ್ದರೆ ಬಿಡೋಣ ಸಾರ್” ಅಂದೆ.

ಒತ್ತಡ ಅಳೆಯುವ ಪಟ್ಟಿಯನ್ನು ಆಕೆಯ ತೋಳಿಗೆ ಸುತ್ತಿ ನೋಡುತ್ತಲೇ ಕೂತೆ. ಇಳಿಯಿತು. ಆಕೆಯನ್ನೇ ಕೇಳಿದೆ, ಇನ್ನೊಂದು ಕೊಡಲೇ ಎಂದು.

“ಅರ್ಧ ಕೆಚ್ಚಿದ್ ಹಾಸು ಮಗ್ಗದ ಮ್ಯಾಲದ ಸಾ. ಅದ್ನ ಇನ್ನೊಬ್ರು ಕೈಗೆ ಕೊಡ್ನಾರೆ. ಹಾಕಿ.”

ನಾಲ್ಕು ನಾಲ್ಕು ಗಂಟೆಗೊಮ್ಮೆ ಹಾಕಿದೆವು. ಜೊತೆಗೆ ಸೋಡಾ ಉಪ್ಪಿನ ನೀರು ಕುಡಿಸಿದೆವು. ಮೂತ್ರ ಹುಳಿಯಾಗಿದ್ದರೆ ಆ ಹಿಡಿತ ಸಡಿಲವಾಗುತ್ತದೆ. ಮತ್ತೊಂದು ಬೆಳಗಾಯಿತು. ನಾನು ಜಗಲಿಯಲ್ಲಿ ಮುಖ ತೊಳೆಯುತ್ತಿದ್ದಾಗ ನರ್ಸಮ್ಮ ಅಳತೆಯ ಗಾಜನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಕಳಶ ತಂದ ಹಾಗೆ ಬಂದರು. ತುಂಬಿತ್ತು. ಬಣ್ಣ ಗೋಮೂತ್ರದಷ್ಟು ತಿಳಿ.

ಕಾಂಪೌಂಡರು ಆಗಲೇ ತಂತಿ ಉಜ್ಜುತ್ತಿದ್ದರು. ಕಾಯಿಸಿದೆವು. ತಂತಿ ಹಿಂದೆಂದೂ ಇಲ್ಲದಷ್ಟು ಬೆಳ್ಳಗೆ ಹೊಳೆಯಿತು. ವಾಂತಿಯಲ್ಲಿ ಕಂಡಾಗ ನಮ್ಮನ್ನು ನಡುಗಿಸಿದ್ದ ಅದೇ ಬೆಳ್ಳಿ. ಈಗ ಅದನ್ನು ಕಂಡು ನಾನೂ ಕಾಂಪೌಂಡರೂ ಮಕ್ಕಳ ಹಾಗೆ ಕುಣಿದೆವು. ವಿಷ ಮೈ ಬಿಟ್ಟು ಹೊರಗೆ ಬರುತ್ತಿತ್ತು. “ಇವತ್ತಿನ ಜರಿ ಒಳ್ಳೇ ಜರಿ ಸಾರ್” ಅಂದರು ಅವರು. ದೊಡ್ಡ ಡಾಕ್ಟರು ತಂತಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹೋಗಿ ಯಜಮಾನನ ಕೈಗಳನ್ನು ಕಂಕುಳಿನಿಂದ ತಾವೇ ಬಿಡಿಸಿದರು.

ಅಂದು ಗಂಡ ಹತ್ತಿರ ಹೋಗಿ ನಿಂತಾಗ ಆಕೆ ಅವನನ್ನು ಮೇಲಿಂದ ಕೆಳಗೆ ನೋಡಿ ಅಂದಳು, “ನಿನ್ ಕೈಯಲ್ಲಿ ತಿಗಣೆನೂ ಸಾಯ್ನಿಲ್ಲ, ನಾನೂ ಸಾಯ್ನಿಲ್ಲ. ಏನ್ ಗಂಡಸ್ಲಾ ನೀನು.” ಅವನು ಅಳುತ್ತಾ ನಗುತ್ತಾ ಅಲ್ಲೇ ಕೂತ. ಗೇಟಿನ ಹತ್ತಿರ ನಿಂತಿದ್ದ ಬೀದಿಯವರೆಲ್ಲ ಒಳಗೆ ಬಂದರು. ಈ ಸಲ ಯಾರೂ ಮೂಗಿಗೆ ಸೆರಗು ಹಿಡಿದಿರಲಿಲ್ಲ.

ದಿನದಿನಕ್ಕೂ ತಂತಿಯ ಬಿಳುಪು ಮಾಸುತ್ತಾ ಬಂತು. ಕೆಂಪಗೇ ಉಳಿದ ದಿನ ಆಕೆಯನ್ನು ಮನೆಗೆ ಕಳಿಸಿದೆವು.

ಬಾಯಿಯ ಹುಣ್ಣು ಪೂರ್ತಿ ಮಾಗಿದ ಮೇಲೆ ಒಂದು ಬೆಳಿಗ್ಗೆ ಯಜಮಾನ ಬಂದು ಕರೆದ. ಅರ್ಧ ಕೆಚ್ಚಿದ ಹಾಸು ಅಷ್ಟು ದಿನವೂ ಮಗ್ಗದ ಮೇಲೆ ಹಾಗೇ ಇತ್ತು, ಬೀದಿಯಲ್ಲಿ ಯಾರೂ ಅದನ್ನು ಮುಟ್ಟಿರಲಿಲ್ಲ. ಆ ಹೊತ್ತಿಗೆ ಬೀದಿಯ ಮನೆಮನೆಯಲ್ಲೂ ಮಗ್ಗದ ಪಕ್ಕ ಬೂದಿಗೆ ಮುಚ್ಚಳದ ಹಿತ್ತಾಳೆ ಬಟ್ಟಲು, ಬೆರಳು ಅದ್ದಲು ನೀರಿನ ಗಿಂಡಿ ಬಂದಿದ್ದವು. ಆಕೆ ಕೆಚ್ಚುತ್ತಾ ಹೋದಳು. ಬೆರಳ ತುದಿಯಲ್ಲಿ ಎಳೆ ಹೊಸೆದುಕೊಳ್ಳುವುದು ಕಣ್ಣಿಗೇ ಕಾಣುತ್ತಿರಲಿಲ್ಲ. ಕೊನೆಗೆ ಒಂದೇ ಎಳೆ ಉಳಿಯಿತು.

“ಇದೊಂದು ನೀವು ಕೆಚ್ಚಿ ಸಾ” ಅಂದಳು.

ಎಳೆಯ ತುದಿಗಳನ್ನು ಜೋಡಿಸಿದೆ. ಜಾರಿದವು. ಮತ್ತೆ ಜೋಡಿಸಿದೆ, ಮತ್ತೆ ಜಾರಿದವು. ನನಗೆ ಅರಿವಿಲ್ಲದೆಯೇ ಬೆರಳು ನಾಲಿಗೆಯ ಕಡೆ ಹೋಯಿತು. ಆಕೆ ನನ್ನ ಕೈಗೆ ರಪ್ಪನೆ ಒಂದು ಕೊಟ್ಟು, ನೀರಿನ ಗಿಂಡಿಯನ್ನು ಮುಂದಕ್ಕೆ ತಳ್ಳಿದಳು. ನಾನು ಬೆರಳನ್ನು ಅದಕ್ಕೆ ಅದ್ದಿ, ಬೂದಿ ಮುಟ್ಟಿ, ಎಳೆ ಹೊಸೆದೆ. ಗಂಟು ನಿಂತಿತು. ಯಜಮಾನ ಕುಣಿಗೆ ಇಳಿದು ಮಗ್ಗ ತುಳಿದ.